ಹಿತ್ತಲ ಹಂಡೆಗೆ ಹೊದಿಕೆ

ಈಗ ನಮ್ಮ ಅಡುಗೆಮನೆಯ ಕಿಟಕಿಯಿಂದ ಹಿತ್ತಲ ಕಡೆ ನೋಡಿದರೆ ಒಂದು ಹೊಟ್ಟೆ ಕಾಣುತ್ತದೆ. ಮದುವೆಯ ಊಟ ಮುಗಿಸಿ ಚಾಪೆಯ ಮೇಲೆ ಅಂಗಾತ ಮಲಗಿದ ಯಾರೋ ಹಿರಿಯರ ಹೊಟ್ಟೆಯ ಹಾಗೆ ನೀಲಿ ಹೊದಿಕೆಯ ಕೆಳಗೆ ದುಂಡಗೆ ಉಬ್ಬಿಕೊಂಡಿದೆ. ಮನೆಗೆ ಬಂದವರು ಕಾಫಿ ಲೋಟ ಹಿಡಿದು ಸಿಂಕಿನ ಹತ್ತಿರ ನಿಂತು ಅದೇನು ಎಂದು ಕೇಳುತ್ತಾರೆ. ದಿಂಬು ಎನ್ನುತ್ತೇನೆ. ಈಜುಕೊಳಕ್ಕೆ ದಿಂಬೇ ಎಂದು ಹುಬ್ಬೇರಿಸುತ್ತಾರೆ. ಹೌದು, ಈಜುಕೊಳಕ್ಕೇ. ನಾಲ್ಕಡಿ ಉದ್ದ, ನಾಲ್ಕಡಿ ಅಗಲದ ಗಾಳಿ ದಿಂಬು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಕೊಳದ ಗೋಡೆಯನ್ನು ಒತ್ತದೆ ಈ ದಿಂಬನ್ನು ಅಮುಕಿಕೊಳ್ಳಲಿ ಎಂದು ಅದನ್ನು ನಡುವೆ ತೇಲಿಬಿಟ್ಟು ಮೇಲೆ ಹೊದಿಕೆ ಹಾಕುವುದು ಕ್ರಮ. ಊದುವುದಕ್ಕೆ ಗರಾಜಿನಲ್ಲಿ ಪಂಪಿದೆ. ನಾನು ಬಾಯಿಂದಲೇ ಊದುತ್ತೇನೆ. ಅರವತ್ತೇಳನೆಯ ವಯಸ್ಸಿನಲ್ಲಿ ಶ್ವಾಸಕೋಶ ಇನ್ನೂ ನನ್ನ ಮಾತು ಕೇಳುತ್ತದೆಯೇ ಎಂದು ನೋಡಲು ವರ್ಷಕ್ಕೊಮ್ಮೆ ಇದೊಂದು ಪರೀಕ್ಷೆ.

ಈ ಸಲ ಆ ದಿಂಬು ಅಲ್ಲಿರಬಾರದು ಎಂದು ನನ್ನ ಗಂಡ, ಮಗಳು ಇಬ್ಬರೂ ತೀರ್ಮಾನಿಸಿದ್ದರು. ದಿಂಬೇನು, ಕೊಳವೇ ಇರಬಾರದು ಎಂದು. ಆದರೂ ಇದೆ. ಹೇಗೆ ಉಳಿಯಿತು ಎಂಬುದನ್ನು ಹೇಳುತ್ತೇನೆ. ನಡುನಡುವೆ ದಾರಿ ತಪ್ಪಿದರೆ ಸಹಿಸಿಕೊಳ್ಳಿ. ನಾನು ಅರಿವಳಿಕೆ ವೈದ್ಯೆಯಾಗಿದ್ದವಳು. ಮೂವತ್ತೈದು ವರ್ಷ ಮಾತಾಡದ ರೋಗಿಗಳ ತಲೆಯ ಹತ್ತಿರ ಸುಮ್ಮನೆ ಕೂತಿದ್ದೇನೆ, ನಿವೃತ್ತಳಾದ ಮೇಲೆ ಆ ಬಾಕಿಯೆಲ್ಲ ಒಟ್ಟಿಗೆ ಹೊರಬರುತ್ತಿದೆ.

ಈಜುಕೊಳ ಎಂದ ಕೂಡಲೇ ನೀವು ಏನೇನೋ ಕಲ್ಪಿಸಿಕೊಳ್ಳಬೇಡಿ. ಅಂಥವು ಇಲ್ಲೇ ಡಲ್ಲಾಸಿನ ಪಕ್ಕದ ಪ್ಲೇನೋ ಊರಿನಲ್ಲಿರುವ ನಮ್ಮ ಕನ್ನಡದ ಮಿತ್ರರ ಮನೆಗಳಲ್ಲಿವೆ. ನೆಲ ಅಗೆದು, ಕಲ್ಲು ಹಾಸಿ, ಮೂಲೆಯಲ್ಲೊಂದು ಪುಟ್ಟ ಜಲಪಾತ ಮಾಡಿಸಿ, ರಾತ್ರಿಗೆ ಬಣ್ಣದ ದೀಪ ಹಾಕಿಸಿರುತ್ತಾರೆ. ಅವುಗಳಿಗೆ ಯಾರೂ ಇಳಿಯುವುದನ್ನು ನಾನು ನೋಡಿಲ್ಲ. ಪಕ್ಕದಲ್ಲಿ ನಿಂತು ಪಾವ್ ಭಾಜಿ ತಿನ್ನುವುದನ್ನು ನೋಡಿದ್ದೇನೆ. ನಮ್ಮದು ಅದೇ ಸೀಮೆಯ ಇನ್ನೊಂದು ಊರಾದ ಫ್ಲವರ್ ಮೌಂಡಿನ ಈ ಮನೆಯ ಹಿತ್ತಲಲ್ಲಿ ನೆಲದ ಮೇಲೆ ಕೂತಿರುವ ಕೊಳ. ಹದಿನೆಂಟು ಅಡಿ ಅಗಲದ ತಗಡಿನ ಸುತ್ತು, ಒಳಗೊಂದು ದಪ್ಪ ಪ್ಲಾಸ್ಟಿಕ್ ಹಾಳೆ, ನಾಲ್ಕಡಿ ನೀರು, ಹತ್ತಿ ಇಳಿಯಲು ಒಂದು ಏಣಿ, ಅಷ್ಟೇ. ನಮ್ಮವರು ಧಾರವಾಡದವರು, ಹ್ಯೂಸ್ಟನ್ನಿನ ತೈಲ ಕಂಪನಿಯೊಂದರಲ್ಲಿ ಕೊಳವೆಗಳ ಒತ್ತಡ ಅಳೆಯುತ್ತ ನಿವೃತ್ತರಾದ ಎಂಜಿನಿಯರು. ಮೊದಲ ದಿನ ಇದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹಂಡೆ ಇದ್ದಂಗ ಅದ ಎಂದರು. ಆ ಹೆಸರೇ ನಿಂತುಬಿಟ್ಟಿತು. ಪ್ಲೇನೋದ ಗೆಳತಿ ಶೈಲಜಾ ಈಗಲೂ ಫೋನಿನಲ್ಲಿ ಮೊದಲು ನನ್ನ ಆರೋಗ್ಯ, ಆಮೇಲೆ ಹಂಡೆಯ ಆರೋಗ್ಯ ವಿಚಾರಿಸುತ್ತಾಳೆ.

ಟೆಕ್ಸಸ್ಸಿನಲ್ಲಿ ಕೊಳ ಮುಚ್ಚುವುದು ಬೇಕೇ ಬೇಡವೇ ಎಂಬ ಬಗ್ಗೆ ಎಲ್ಲರಿಗೂ ಒಂದೊಂದು ಅಭಿಪ್ರಾಯವಿದೆ. ಆಸ್ಟಿನ್ನಿನ ಗೆಳೆಯರು ನಾವು ಡಿಸೆಂಬರಿನಲ್ಲೂ ಇಳಿಯುತ್ತೇವೆ ಎಂದು ಜಂಬ ಕೊಚ್ಚುತ್ತಾರೆ. ಹ್ಯೂಸ್ಟನ್ನಿನವರಿಗೆ ಚಳಿಗಾಲವೆಂದರೆ ಎರಡು ವಾರದ ನೆಗಡಿ. ಡಲ್ಲಾಸಿನ ಕಡೆಯ ಹವಾಮಾನ ಮಾತ್ರ ನಂಬಿಕೆಗೆ ಅರ್ಹವಲ್ಲ, ಬೆಳಿಗ್ಗೆ ಸ್ವೆಟರು ಹಾಕಿಸಿ ಮಧ್ಯಾಹ್ನ ಫ್ಯಾನು ಹಾಕಿಸುತ್ತದೆ. ಕೆಲವು ವರ್ಷದ ಹಿಂದೆ ಒಂದು ಫೆಬ್ರವರಿಯಲ್ಲಿ ಕರೆಂಟು ಹೋಗಿ, ನಲ್ಲಿಗಳು ಸೆಟೆದು, ಇಡೀ ರಾಜ್ಯ ನಡುಗಿತಲ್ಲ, ಆಗ ಕೊಳ ಮುಚ್ಚದೇ ಬಿಟ್ಟವರ ಪಂಪುಗಳೆಲ್ಲ ಸೀಳಿಹೋದವು. ನಮ್ಮ ಹಂಡೆ ಹೊದ್ದು ಮಲಗಿತ್ತು. ಆ ವಾರ ನಮ್ಮ ಬೀದಿಯ ಮೂರು ಮನೆಯವರು ಟಾಯ್ಲೆಟ್ಟಿಗೆ ನೀರು ತುಂಬಿಕೊಂಡು ಹೋದದ್ದು ಈ ಹಂಡೆಯ ಮಂಜುಗಡ್ಡೆ ಒಡೆದು. ಅದಾದ ಮೇಲೆ ಇದನ್ನು ನೋಡಿ ಯಾರೂ ನಕ್ಕಿಲ್ಲ. ನಕ್ಕರೂ ನನ್ನ ಎದುರಿಗೆ ನಕ್ಕಿಲ್ಲ.

ಮುಚ್ಚುವುದು ಎಂದರೆ ಹೊದಿಕೆ ಎಳೆದುಬಿಡುವುದು ಎಂದುಕೊಳ್ಳಬೇಡಿ. ಮೊದಲು ನೀರನ್ನು ಶುದ್ಧ ಮಾಡಿ ಸೊಂಟದ ಕೆಳಗಿನ ಮಟ್ಟಕ್ಕೆ ಇಳಿಸಬೇಕು. ಕ್ಲೋರಿನ್ನು, ಪಾಚಿಯ ಔಷಧಿ ಅಳತೆ ನೋಡಿ ಹಾಕಬೇಕು. ಪಂಪು, ಫಿಲ್ಟರು, ಪೈಪುಗಳನ್ನು ಬಿಚ್ಚಿ, ಒಳಗೆ ಒಂದು ಹನಿಯೂ ಉಳಿಯದಂತೆ ಬಗ್ಗಿಸಿ, ಒರೆಸಿ ಗರಾಜಿಗೆ ಸೇರಿಸಬೇಕು. ಏಣಿ ತೆಗೆಯಬೇಕು. ದಿಂಬಿಗೆ ನಾಲ್ಕು ಕಡೆ ದಾರ ಕಟ್ಟಬೇಕು. ಕೊನೆಗೆ ಹೊದಿಕೆಯ ಅಂಚಿನ ತೂತುಗಳಲ್ಲಿ ತಂತಿ ಪೋಣಿಸಿ, ಸುತ್ತಲೂ ಎಳೆದು ಬಿಗಿಯಬೇಕು. ಇದು ಥೇಟ್ ನನ್ನ ಹಳೆಯ ಕೆಲಸ. ಒಬ್ಬರ ಪ್ರಜ್ಞೆ ತಪ್ಪಿಸುವುದು ಕಷ್ಟವೇನಲ್ಲ, ಕೋಲಿನಲ್ಲಿ ಹೊಡೆದರೂ ತಪ್ಪುತ್ತದೆ. ಮತ್ತೆ ಎಚ್ಚರಿಸಿ, ಹೆಸರು ಕೇಳಿ, ಅವರು ಸರಿಯಾಗಿ ಹೇಳುವ ಹಾಗೆ ಮಾಡುವುದಕ್ಕೇ ನಮಗೆ ಸರ್ಟಿಫಿಕೇಟು ಕೊಡುವುದು. ಕೊಳವನ್ನೂ ನಾನು ಏಪ್ರಿಲ್ ತಿಂಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಚ್ಚುತ್ತೇನೆ.

ಮೊದಲ ವರ್ಷ ನೀರು ಇಳಿಸುವಾಗ ಒಂದು ಪಜೀತಿಯಾಯಿತು. ಕೈಪಿಡಿಯಲ್ಲಿ ನೀರನ್ನು ಹುಲ್ಲಿನ ಮೇಲೆ ಬಿಡಿ ಎಂದಿತ್ತು. ನಾನು ಚಳ್ಳಕೆರೆಯ ಕಡೆಯವಳು. ಬೆಳಿಗ್ಗೆ ಮುಖ ತೊಳೆದ ನೀರಿಗೂ ಮುಂದೆ ಎರಡು ಕೆಲಸ ಕಾದಿರುತ್ತಿದ್ದ ಮನೆ ನಮ್ಮದು. ಅಷ್ಟು ನೀರು ಕಣ್ಣೆದುರು ಹರಿದುಹೋಗುವುದನ್ನು ನೋಡಿಕೊಂಡು ಕೈಕಟ್ಟಿ ನಿಲ್ಲುವುದು ಹೇಗೆ? ಬಕೆಟ್ಟು, ಟಬ್ಬು, ಕಸದ ಡಬ್ಬಿ, ಕೊನೆಗೆ ನೂರು ಜನಕ್ಕೆ ಬಿಸಿಬೇಳೆ ಭಾತ್ ಮಾಡುವ ಪಾತ್ರೆ, ಎಲ್ಲದರಲ್ಲೂ ತುಂಬಿಟ್ಟೆ. ಒಂದು ವಾರ ಮನೆಯ ನೆಲ, ಡ್ರೈವ್‌ವೇ, ಎರಡು ಕಾರು ಎಲ್ಲ ತೊಳೆದೆ. ಉಳಿದದ್ದನ್ನು ದಾಸವಾಳಕ್ಕೆ ಹಾಕಿದೆ. ಕ್ಲೋರಿನ್ನು ಕುಡಿದ ದಾಸವಾಳ ನಾಲ್ಕೇ ದಿನಕ್ಕೆ ಹಳದಿಯಾಗಿ ಎಲೆಯೆಲ್ಲ ಉದುರಿಸಿತು. ಈಗ ಹುಲ್ಲಿಗೇ ಬಿಡುತ್ತೇನೆ, ಆದರೆ ಆ ಹೊತ್ತಿನಲ್ಲಿ ಬೇರೆ ಕಡೆ ತಿರುಗಿ ನಿಲ್ಲುತ್ತೇನೆ.

ಚಳ್ಳಕೆರೆ ಎಂದೆನಲ್ಲ, ಅಲ್ಲಿ ನಮ್ಮ ದೊಡ್ಡಪ್ಪನ ತೋಟದಲ್ಲಿ ಎತ್ತು ಕಟ್ಟಿ ನೀರೆತ್ತುವ ಒಂದು ಕಪಿಲೆ ಬಾವಿ ಇತ್ತು. ಕೆಳಗಿನವರೆಗೂ ಮೆಟ್ಟಿಲಿದ್ದ ದೊಡ್ಡ ಬಾವಿ. ಬೇಸಿಗೆ ರಜೆಯಲ್ಲಿ ನನ್ನ ಅಣ್ಣಂದಿರಿಬ್ಬರೂ, ದೊಡ್ಡಪ್ಪನ ಮೂವರು ಮಕ್ಕಳೂ ಬೆನ್ನಿಗೆ ಬೆಂಡು ಕಟ್ಟಿಕೊಂಡು ಅಲ್ಲಿ ಈಜು ಕಲಿತರು. ನನ್ನ ಕೆಲಸ ಮೇಲಿನಿಂದ ಏಳನೆಯ ಮೆಟ್ಟಿಲಿನ ಮೇಲೆ ಕೂತು ಅವರ ಅಂಗಿ ಚಡ್ಡಿ ಕಾಯುವುದು. ಎಂಟನೆಯ ಮೆಟ್ಟಿಲಿಗೆ ಇಳಿಯಕೂಡದು ಎಂದು ಅಪ್ಪ ಕಟ್ಟಪ್ಪಣೆ ಮಾಡಿದ್ದರು. ಅಪ್ಪ ಗದರುವವರಲ್ಲ. ಕೆನ್ನೆ ಸವರಿ, ನೀನು ನನ್ನ ಒಬ್ಬಳೇ ಮಗಳು, ನಿನಗೇನಾದರೂ ಆದರೆ ನಾನು ಬದುಕುವುದಿಲ್ಲ ಎನ್ನುತ್ತಿದ್ದರು. ಅದಕ್ಕೆ ಎದುರಾಡುವುದು ಹೇಗೆ? ಗದರಿದ್ದರೆ ಒಂದು ದಿನ ಕದ್ದಾದರೂ ಇಳಿಯುತ್ತಿದ್ದೆ.

ಐದು ಬೇಸಿಗೆ ಆ ಮೆಟ್ಟಿಲ ಮೇಲೆ ಕೂತು ನಾನು ಈಜಿನ ಪಂಡಿತೆಯಾದೆ. ಯಾರ ಕಾಲು ಮಡಚುತ್ತದೆ, ಯಾರು ಉಸಿರು ಕಟ್ಟುತ್ತಾರೆ, ಯಾರು ಬೆಂಡಿನ ಮೇಲೆಯೇ ಭಾರ ಹಾಕಿ ಮೋಸ ಮಾಡುತ್ತಾರೆ, ಎಲ್ಲ ಗೊತ್ತಿತ್ತು. ಮೇಲಿನಿಂದಲೇ ಕೂಗಿ ತಿದ್ದುತ್ತಿದ್ದೆ. ಕಿರಿಯಣ್ಣ ಕೊನೆಗೂ ಈಜು ಕಲಿತದ್ದು ನನ್ನ ಬೈಗುಳ ತಾಳಲಾರದೆ ಎಂದು ಅವನೇ ಹೇಳುತ್ತಾನೆ. ನನ್ನ ಪಾದ ಮಾತ್ರ ಒಣಗಿಯೇ ಇತ್ತು.

ಆಮೇಲೆ ಓದು, ಮದುವೆ, ಹ್ಯೂಸ್ಟನ್ನು, ಆಸ್ಪತ್ರೆ. ಮಗಳು ವಿದ್ಯಾಳನ್ನು ಐದನೇ ವಯಸ್ಸಿಗೇ ಈಜಿಗೆ ಹಾಕಿದೆ. ಅಲ್ಲೂ ದಂಡೆಯ ಕುರ್ಚಿಯಲ್ಲಿ ಕೂತು ಟವೆಲ್ಲು ಹಿಡಿದುಕೊಂಡವಳು ನಾನೇ. ನನಗೆ ಐವತ್ತೊಂಬತ್ತಾಗಿದ್ದಾಗ ಹ್ಯೂಸ್ಟನ್ನಿನಲ್ಲಿ ನಾಲ್ಕು ದಿನ ಮಳೆ ಸುರಿದು ನಮ್ಮ ಮನೆಯೊಳಗೆ ಮೊಣಕಾಲಿನವರೆಗೆ ನೀರು ಬಂತು. ಗಂಡ ಹೆಂಡತಿ ಇಬ್ಬರೂ ಡೈನಿಂಗ್ ಟೇಬಲ್ಲಿನ ಮೇಲೆ ಪಾಸ್‌ಪೋರ್ಟುಗಳನ್ನು ತಬ್ಬಿಕೊಂಡು ಕೂತೆವು. ಎದುರು ಮನೆಯ ಎಂಬತ್ತರ ಅಜ್ಜಿ ಎದೆಮಟ್ಟದ ನೀರಿನಲ್ಲಿ ತನ್ನ ಬೆಕ್ಕನ್ನು ತಲೆಯ ಮೇಲಿಟ್ಟುಕೊಂಡು, ನಡೆದಷ್ಟು ನಡೆದು, ಉಳಿದದ್ದು ಈಜಿ ಬೀದಿ ದಾಟಿದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಹೆದರಿಕೆಗಿಂತ ಆ ದಿನ ನನಗೆ ಆದದ್ದು ನಾಚಿಕೆ. ಅಷ್ಟು ಓದಿದ್ದೇನೆ, ಅಷ್ಟು ಜನರ ಉಸಿರು ಕಾದಿದ್ದೇನೆ, ಬೀದಿ ದಾಟಲು ಬರುವುದಿಲ್ಲ.

ಮಗಳ ಹತ್ತಿರ ಇರೋಣವೆಂದು ಫ್ಲವರ್ ಮೌಂಡಿಗೆ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ ಈಜಿನ ತರಗತಿಗೆ ಸೇರಿದ್ದು. ದೊಡ್ಡವರ ತರಗತಿಯಲ್ಲಿ ಜಾಗವಿರಲಿಲ್ಲ. ಮಕ್ಕಳ ತರಗತಿಯಲ್ಲಿ ಪರವಾಗಿಲ್ಲವೇ ಎಂದರು. ಪರವಾಗಿಲ್ಲ ಎಂದೆ. ಮೊಣಕೈ ಮೊಣಕಾಲು ಮುಚ್ಚುವ ಈಜುಡುಗೆ ತೊಟ್ಟು, ತಲೆಗೆ ರಬ್ಬರ್ ಟೋಪಿ ಏರಿಸಿ, ನನ್ನ ಸೊಂಟದೆತ್ತರದ ಆರು ಸಹಪಾಠಿಗಳ ಜೊತೆ ಸಾಲಿನಲ್ಲಿ ನಿಂತೆ. ನೀರಿನಲ್ಲಿ ಗುಳ್ಳೆ ಬಿಟ್ಟವರಿಗೆಲ್ಲ ಕೈಗೊಂದು ಸ್ಟಿಕರು ಅಂಟಿಸುತ್ತಿದ್ದರು. ಮೂರನೇ ವಾರ ನನಗೊಂದು ಡಾಲ್ಫಿನ್ ಬಂತು. ಅದನ್ನು ಎರಡು ದಿನ ತೆಗೆಯಲಿಲ್ಲ, ಅದೇ ಕೈಯಲ್ಲಿ ಚಪಾತಿ ಲಟ್ಟಿಸಿದೆ. ಮುಂದಿನ ವರ್ಷ ಹಂಡೆ ಬಂತು. ಅಂದಿನಿಂದ ಏಪ್ರಿಲ್ಲಿನಿಂದ ಅಕ್ಟೋಬರ್ ಕೊನೆಯವರೆಗೆ ದಿನಾ ಬೆಳಿಗ್ಗೆ ಅದರಲ್ಲಿ ಗುಂಡಗೆ ಈಜುತ್ತೇನೆ. ಗಾಣದ ಎತ್ತಿನಂತೆ ಎಂದು ನೀವು ಹೇಳಬಹುದು, ಹೇಳಿ.

ಈ ವರ್ಷದ ಅನರ್ಥಕ್ಕೆ ಕಾರಣ ಗಣೇಶ. ದೇವರ ಮೇಲೆ ತಪ್ಪು ಹೊರಿಸಬಾರದು, ಕಾರಣ ನಾನೇ. ಇಲ್ಲಿ ಗಣೇಶನನ್ನು ತರುವುದು ಸುಲಭ, ಬಿಡುವುದು ಕಷ್ಟ. ಕೆರೆಗೆ ಬಿಡುವಂತಿಲ್ಲ. ಎಲ್ಲರೂ ಬಕೆಟ್ಟಿನಲ್ಲಿ ಮುಳುಗಿಸಿ, ಆ ನೀರನ್ನು ಗಿಡಕ್ಕೆ ಹಾಕುತ್ತಾರೆ. ಸೆಪ್ಟೆಂಬರಿನಲ್ಲಿ ಶೈಲಜಾ ಫೋನ್ ಮಾಡಿ, ದೇವರನ್ನು ಬಕೆಟ್ಟಿಗೆ ಅದ್ದುವುದು ನೋಡಿದರೆ ಕರುಳು ಚುರುಕ್ಕೆನ್ನುತ್ತದೆ, ನಿಮ್ಮ ಹಂಡೆಯಲ್ಲಿ ಬಿಡೋಣವೇ ಎಂದಳು. ಅವಳ ಮನೆಯಲ್ಲಿ ಜಲಪಾತವಿರುವ ಕೊಳ ಇದೆಯಲ್ಲ ಎಂದು ಕೇಳಬೇಕೆಂದು ನನಗೆ ಹೊಳೆದದ್ದು ಮಾರನೆಯ ದಿನ. ಅಂದು ಮಾತ್ರ, ಒಂದು ಕಾಲಕ್ಕೆ ನಕ್ಕವರಿಗೆ ಈಗ ನನ್ನ ಹಂಡೆಯೇ ಬೇಕಾಯಿತಲ್ಲ ಎಂಬ ಹಮ್ಮಿನಲ್ಲಿ ಒಪ್ಪಿಕೊಂಡೆ. ಹನ್ನೊಂದು ಮನೆಯವರು ಬಂದರು. ಹನ್ನೊಂದು ಮಣ್ಣಿನ ಗಣೇಶ. ಮೋದಕ, ಆರತಿ, ಫೋಟೋ ಎಲ್ಲ ಸಾಂಗವಾಗಿ ನಡೆದು ಒಬ್ಬೊಬ್ಬನೇ ಮುಳುಗಿದ.

ಮರುದಿನ ಹಂಡೆಯಲ್ಲಿದ್ದದ್ದು ಗದ್ದೆಯ ಕೆಸರು. ಫಿಲ್ಟರು ಏದುಸಿರು ಬಿಟ್ಟು ನಿಂತುಹೋಯಿತು. ಪೂಲ್ ಸಾಮಾನಿನ ಅಂಗಡಿಗೆ ಬಾಟಲಿಯಲ್ಲಿ ನೀರು ಒಯ್ದೆ. ಅಲ್ಲಿಯವನು ಬೆಳಕಿಗೆ ಹಿಡಿದು ನೋಡಿ, ಇದರಲ್ಲಿ ಏನು ಬಿದ್ದಿದೆ ಎಂದು ಕೇಳಿದ. ಹನ್ನೊಂದು ದೇವರು ಎಂದೆ. ಅವನು ಕಂಪ್ಯೂಟರಿನಲ್ಲಿ ಅದಕ್ಕೊಂದು ವಿಭಾಗ ಹುಡುಕಿ, ಸಿಗದೆ, ಇಡೀ ನೀರು ಚೆಲ್ಲಿ ಹೊಸದಾಗಿ ತುಂಬಿಸಿ ಎಂದ. ಚೆಲ್ಲುವುದೇ? ನಮ್ಮಮ್ಮ ಕೆಂಪು ನೀರಿನ ಕೊಡದಲ್ಲಿ ಪಟಿಕದ ಉಂಡೆಯನ್ನು ನಾಲ್ಕು ಸುತ್ತು ತಿರುಗಿಸಿದರೆ ಬೆಳಗಾಗುವಷ್ಟರಲ್ಲಿ ಮಣ್ಣೆಲ್ಲ ತಳ ಸೇರಿ ನೀರು ಕನ್ನಡಿಯಾಗುತ್ತಿತ್ತು. ಇಂಡಿಯನ್ ಅಂಗಡಿಯಲ್ಲಿದ್ದ ಪಟಿಕವನ್ನೆಲ್ಲ ತಂದು ಪುಡಿ ಮಾಡಿ ಹಾಕಿದೆ. ಎರಡನೇ ದಿನ ನೀರು ತಿಳಿಯಾಯಿತು, ಮಣ್ಣು ತಳದಲ್ಲಿ ಕೂತಿತು. ಅದನ್ನು ಪೈಪಿನಲ್ಲಿ ಹೀರಿ ತೆಗೆದೆ. ಅಂಗಡಿಯವನಿಗೆ ಆ ನೀರಿನ ಬಾಟಲಿಯನ್ನು ಒಯ್ದು ತೋರಿಸಿಯೂ ಬಂದೆ. ಆ ಗೆಲುವಿನ ಮತ್ತಿನಲ್ಲಿ ಏಣಿ ತೊಳೆಯುವುದನ್ನು ಮರೆತೆ. ಅದರ ಮೆಟ್ಟಿಲುಗಳ ಮೇಲೆ ಗಣೇಶನ ನುಣುಪು ಜೇಡಿ ಒಂದು ಪದರ ಕೂತಿತ್ತು.

ಮರುದಿನ ಬೆಳಿಗ್ಗೆ ಏಣಿಯ ಮೇಲಿನ ಮೆಟ್ಟಿಲಿನಿಂದ ಜಾರಿದೆ. ಎಡಗೈ ಅಂಚಿಗೆ ಬಡಿಯಿತು, ಮಣಿಕಟ್ಟು ಲಟಕ್ಕೆಂದಿತು, ನೀರಿಗೆ ಬಿದ್ದೆ. ನಮ್ಮವರು ಚಹಾದ ಕಪ್ಪು ಬಿಸಾಕಿ ಓಡಿ ಬಂದರು. ನಾನು ಕಲಿತದ್ದನ್ನೆಲ್ಲ ನೆನಪಿಸಿಕೊಂಡು ಅಂಗಾತ ತೇಲಿದೆ, ಒಂದೇ ಕೈಯಲ್ಲಿ ನೀರು ತಳ್ಳುತ್ತ ಅಂಚಿನವರೆಗೆ ಬಂದೆ. ನಾಲ್ಕಡಿ ನೀರು ಅದು, ಎದ್ದು ನಿಂತರೆ ಸಾಕಿತ್ತು ಎಂದು ಹೊಳೆದದ್ದು ಆಸ್ಪತ್ರೆಯಲ್ಲಿ. ಅದೇನೇ ಇರಲಿ, ತೇಲಿದ್ದು ತೇಲಿದ್ದೇ.

ಆರು ವಾರ ಪ್ಲಾಸ್ಟರು ಬಿತ್ತು. ವಿದ್ಯಾ ಪ್ಲೇನೋದಲ್ಲಿ ವಿಮಾ ಕಂಪನಿಯೊಂದರಲ್ಲಿದ್ದಾಳೆ. ಯಾವ ವಯಸ್ಸಿನವರು ಎಲ್ಲಿ, ಹೇಗೆ ಬೀಳುತ್ತಾರೆ ಎಂದು ಅಂದಾಜು ಹಾಕುವುದೇ ಅವಳ ಕೆಲಸ. ಅವಳು ನನ್ನ ಎಕ್ಸ್‌ರೇ ನೋಡಿ ಅತ್ತಳು, ಅತ್ತು ಮುಗಿಸಿ ಕಣ್ಣೊರೆಸಿಕೊಂಡು, ಹಂಡೆ ಹೋಗಬೇಕು ಎಂದಳು. ನಾನು ನೋವಿನ ಮಾತ್ರೆಯ ಮಂಪರಿನಲ್ಲಿದ್ದೆ. ಸುಮ್ಮನಿದ್ದದ್ದನ್ನು ಅಪ್ಪ ಮಗಳು ಒಪ್ಪಿಗೆ ಎಂದುಕೊಂಡರು.

ದೀಪಾವಳಿ ಕಳೆದು ನವೆಂಬರ್ ಬಂತು, ಪ್ಲಾಸ್ಟರು ಹೋಯಿತು. ಒಂದು ಗುರುವಾರ ಮಧ್ಯಾಹ್ನ ನಮ್ಮ ಬಾಗಿಲಿಗೆ ಪಿಕಪ್ ಟ್ರಕ್ಕಿನಲ್ಲಿ ಒಬ್ಬ ಬಂದ. ಆರಡಿ ಎತ್ತರ, ಕೈಯಲ್ಲಿ ಟೋಪಿ, ಮಾತಿಗೊಮ್ಮೆ ಮ್ಯಾಮ್. ಪುಕ್ಕಟೆ ಕೊಡುತ್ತೀರೆಂದು ಹಾಕಿದ್ದೀರಲ್ಲ, ಆ ಈಜುಕೊಳವನ್ನು ನೋಡಿಕೊಂಡು ಹೋಗೋಣವೆಂದು ಬಂದೆ ಎಂದ. ಎಲ್ಲಿ ಹಾಕಿದ್ದೇವೆ ಎಂದು ಕೇಳಿದೆ. ಫೋನ್ ತೋರಿಸಿದ. ಬಡಾವಣೆಯವರ ಪುಟದಲ್ಲಿ ನನ್ನ ಹಂಡೆಯ ಫೋಟೋ. ಕೆಳಗೆ ನಮ್ಮವರ ಹೆಸರು. ಬಿಚ್ಚಿಕೊಂಡು ಹೋಗುವವರಿಗೆ ಉಚಿತ. ನಾನು ಅವನಿಗೆ, ಈ ಮನೆಯಲ್ಲಿ ಪುಕ್ಕಟೆ ಕೊಡುವುದು ಕರಿಬೇವಿನ ಸಸಿ ಮಾತ್ರ ಎಂದೆ. ಹುಡುಕಿಕೊಂಡು ಬಂದವನನ್ನು ಬರಿಗೈಯಲ್ಲಿ ಕಳಿಸುವುದು ಸರಿಯಲ್ಲವೆಂದು ಒಂದು ಸಸಿಯನ್ನು ಕೊಟ್ಟೂ ಕೊಟ್ಟೆ. ಚಳಿಗೆ ಒಳಗಿಡು, ವಾರಕ್ಕೊಮ್ಮೆ ಹುಳಿ ಮಜ್ಜಿಗೆ ಹಾಕು ಎಂದೆ. ಅವನು ಅದನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿಕೊಂಡು ಹೋದ.

ಒಳಗೆ ಬಂದರೆ ನಮ್ಮವರು ಪೇಪರಿನ ಹಿಂದೆ ಅಡಗಿ ಕೂತಿದ್ದರು. ಜಗಳವಾಡಲು ಸಿದ್ಧಳಾಗಿಯೇ ಹೋಗಿದ್ದೆ. ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ಇವರು ನನಗೆ ತಿಳಿಯದ ಹಾಗೆ ಏನನ್ನೂ ಮಾಡಿದವರಲ್ಲ. ಮಗಳು ಹೇಳಿದಳೆಂದು ಹಾಕಿದಿರಾ ಎಂದು ಕೇಳಿದೆ. ಪೇಪರು ಇಳಿಯಲಿಲ್ಲ, ಅದರ ಹಿಂದಿನಿಂದಲೇ ಮಾತು ಬಂತು.

“ಆಕಿ ಹೇಳಿದ್ದಕ್ಕಲ್ಲ. ನೀ ನೀರಾಗ ಬಿದ್ದಿದ್ದಿ, ನಾ ಹೊರಗ ನಿಂತಿದ್ದೆ. ನನಗ ಇಳೀಲಿಕ್ಕೆ ಆಗಲಿಲ್ಲ. ಕಾಲೇ ಏಳಲಿಲ್ಲ.”

ನಾಲ್ಕೇ ಅಡಿ ನೀರು ಎಂದು ನಾನು ಹೇಳಬಹುದಿತ್ತು. ಅವತ್ತು ಅದು ನನಗೇ ಹೊಳೆದಿರಲಿಲ್ಲ. ಆರು ವಾರ ಇವರು ನನಗೆ ತಲೆ ಬಾಚಿ ಜಡೆ ಹಾಕಿದ್ದರು, ಚಪಾತಿ ಹರಿದು ಕೊಟ್ಟಿದ್ದರು, ಈ ಮಾತನ್ನು ಮಾತ್ರ ಹೇಳಿರಲಿಲ್ಲ. ನನ್ನ ಸಿಟ್ಟು ಅರ್ಧಕ್ಕರ್ಧ ಇಳಿಯಿತು. ಉಳಿದರ್ಧ ಸಾಕಿತ್ತು. ಭಾನುವಾರ ಹಂಡೆ ಮುಚ್ಚುತ್ತೇನೆ, ಏಪ್ರಿಲ್ಲಿನಲ್ಲಿ ತೆರೆಯುತ್ತೇನೆ, ಫೋನಿನಲ್ಲಿರುವುದನ್ನು ಈಗಲೇ ಅಳಿಸಿ ಎಂದೆ. ಇವರು ಅಳಿಸಿದರು. ಆದರೆ ಮಗಳಿಗೆ ಫೋನನ್ನೂ ಮಾಡಿದರು.

ಭಾನುವಾರ ಒಳ್ಳೆಯ ಬಿಸಿಲು ಬಿದ್ದಿತ್ತು. ಇಲ್ಲಿ ನವೆಂಬರಿನಲ್ಲೂ ನಡುವೆ ಒಂದು ವಾರ ಬೇಸಿಗೆ ಏನೋ ಮರೆತು ಬಿಟ್ಟುಹೋದವರಂತೆ ವಾಪಸು ಬರುತ್ತದೆ. ನಾನು ಏಣಿಯನ್ನು ಉಜ್ಜಿ ತೊಳೆದೆ, ಔಷಧಿಯ ಡಬ್ಬಿಗಳನ್ನು ಸಾಲಾಗಿಟ್ಟೆ, ನೀರು ಇಳಿಸುವ ಪೈಪು ಜೋಡಿಸಿ ಹುಲ್ಲಿನ ಕಡೆ ಬಿಟ್ಟೆ. ನೀರು ಇಳಿಯತೊಡಗಿದ ಹೊತ್ತಿಗೆ ವಿದ್ಯಾ ಗೇಟು ತೆಗೆದು ಬಂದಳು. ಬಂದವಳು ಚಪ್ಪಲಿ ಕೂಡ ಬಿಡಲಿಲ್ಲ. ಬಿದ್ದು ಸೊಂಟ ಮುರಿದುಕೊಂಡವರಲ್ಲಿ ಎಷ್ಟು ಜನ ಮತ್ತೆ ಏಳುತ್ತಾರೆ ಗೊತ್ತಾ ಎಂದು ಶುರುಮಾಡಿದಳು. ಗೊತ್ತು, ಅವರಿಗೆಲ್ಲ ಅರಿವಳಿಕೆ ಕೊಟ್ಟವಳು ನಾನೇ ಎಂದೆ. ಅವಳ ದನಿ ಒಡೆಯಿತು.

“ಅಮ್ಮಾ, ಇಟ್ಸ್ ನಾಟ್ ಅಬೌಟ್ ದ ಪೂಲ್. ನಿಂಗೇನಾದ್ರೂ ಆದ್ರೆ ಐ ಕಾಂಟ್... ಐ ಜಸ್ಟ್ ಕಾಂಟ್.”

ಕೈಯಲ್ಲಿದ್ದ ಬ್ರಷ್ಷನ್ನು ಕೆಳಗಿಟ್ಟೆ. ಆ ಮಾತನ್ನು ನಾನು ಮೊದಲೇ ಕೇಳಿದ್ದೆ, ಬೇರೆ ಬಾಯಿಂದ, ಬೇರೆ ಭಾಷೆಯಲ್ಲಿ. ಅದಕ್ಕೆ ಆಗ ಕೊಡಲಾಗದ ಉತ್ತರ ಅರವತ್ತು ವರ್ಷ ನನ್ನೊಳಗೆ ಕೂತಿತ್ತು ಎಂದು ಕಾಣುತ್ತದೆ. ಒಂದು ತಡವರಿಕೆಯೂ ಇಲ್ಲದೆ ಹೊರಬಂತು.

“ನಮ್ಮಪ್ಪನೂ ಹೀಗೇ ಅಂತಿದ್ರು ಕಣೆ. ಪ್ರೀತಿಯಿಂದಲೇ ಅಂತಿದ್ರು. ಆ ಪ್ರೀತಿಗೆ ಕಟ್ಟುಬಿದ್ದು ನಾನು ಅರವತ್ತು ವರ್ಷದ ತನಕ ನೀರಿಗೆ ಇಳೀಲಿಲ್ಲ. ಈಗ ನಿನ್ನ ಪ್ರೀತಿಗೆ ಅಂತ ನೀರು ಬಿಟ್ಟು ಮೇಲೆ ಹತ್ತಿ ಕೂರಲ್ಲ. ಬಿದ್ರೆ ಬೀಳ್ತೀನಿ. ಏಣಿಗೆ ಎರಡು ಕಡೆ ಹಿಡಿ ಹಾಕ್ಸು, ಜಾರದ ಮ್ಯಾಟ್ ತಂದುಕೊಡು, ದಿನಾ ಫೋನ್ ಮಾಡಿ ಬೈಯಿ. ಹಂಡೆ ಮಾತ್ರ ಇಲ್ಲೇ ಇರುತ್ತೆ.”

ವಿದ್ಯಾ ಹಿತ್ತಲ ಕುರ್ಚಿಯಲ್ಲಿ ಕೂತು ಮುಖ ಆ ಕಡೆ ತಿರುಗಿಸಿಕೊಂಡಳು. ಮಗಳನ್ನು ಅಳಿಸಿದ್ದಕ್ಕೆ ಸಂಕಟವಾಯಿತು, ಹೇಳಿದ್ದಕ್ಕೆ ಮಾತ್ರ ಪಶ್ಚಾತ್ತಾಪವಾಗಲಿಲ್ಲ. ಬ್ರಷ್ಷನ್ನು ಮತ್ತೆ ಎತ್ತಿಕೊಂಡು ಹಂಡೆಯ ಅಂಚು ಉಜ್ಜತೊಡಗಿದೆ.

ಆಗ ಅಡುಗೆಮನೆಯ ಬಾಗಿಲು ತೆರೆದು ನಮ್ಮವರು ಬಂದರು. ವಾಕಿಂಗಿಗೆ ಹಾಕುವ ಚಡ್ಡಿ, ಮೇಲೊಂದು ಬನಿಯನ್ನು. ಕನ್ನಡಕ ಇರಲಿಲ್ಲ. ನಮ್ಮಿಬ್ಬರ ಮುಖವನ್ನೂ ನೋಡದೆ ನೇರ ಏಣಿಯ ಹತ್ತಿರ ಹೋಗಿ, ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ, ಆಚೆ ಬದಿಗೆ ತಿರುಗಿ ನಿಂತರು. ಎಪ್ಪತ್ತೆರಡು ವರ್ಷದ, ಈಜು ಬಾರದ ಮನುಷ್ಯ. ನೀರಿಗೆ ಕಾಲಿಟ್ಟೊಡನೆ ಹಾ ಎಂದು ಉಸಿರೆಳೆದುಕೊಂಡರು. ನಿಧಾನ, ಪಾದ ಒದ್ದೆಯಾಗಲಿ, ಆಮೇಲೆ ಮೊಣಕಾಲು, ಅವಸರ ಮಾಡಬೇಡಿ ಎಂದು ನಾನು ಏಣಿಯ ಈ ಕಡೆಯಿಂದ ಹೇಳುತ್ತ ಬಂದೆ. ಅವರು ಇಳಿದು ನಿಂತರು. ನೀರು ಎದೆಯವರೆಗೂ ಇರಲಿಲ್ಲ.

ವಿದ್ಯಾ ಎದ್ದು ಓಡಿ ಬಂದಳು. ಅಪ್ಪಾ, ನೀನು ಯಾರಿಗೂ ಏನೂ ಪ್ರೂವ್ ಮಾಡಬೇಕಾಗಿಲ್ಲ, ಮೊದಲು ಮೇಲೆ ಬಾ ಎಂದು ಇಂಗ್ಲಿಷಿನಲ್ಲಿ ಗದರಿದಳು. ಇವರು ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೇ ಉತ್ತರ ಕೊಟ್ಟರು.

“ಪ್ರೂವ್ ಮಾಡೂದು ಏನಿಲ್ಲ ವಿದ್ಯಾ. ನಿಮ್ಮಮ್ಮ ಇದನ್ನ ಬಿಡಂಗಿಲ್ಲ. ಆಕಿ ಇನ್ನೊಮ್ಮೆ ಬಿದ್ರ ನಾ ಇಳೀಬೇಕಲ್ಲ.”

ನಾನು ಉಟ್ಟ ಬಟ್ಟೆಯಲ್ಲೇ ನೀರಿಗೆ ಇಳಿದು ಇವರ ಪಕ್ಕ ನಿಂತೆ. ಅಂಚು ಬಿಟ್ಟು ನನ್ನ ಬಲಗೈ ಹಿಡಿಯಿರಿ, ಮುಖವನ್ನು ನೀರಿನಲ್ಲಿ ಮುಳುಗಿಸಿ, ಐದು ಎಣಿಸಿ ಎಂದೆ. ಇವರು ಕಣ್ಣು ಮುಚ್ಚಿ, ದೇವರ ಹೆಸರು ಹೇಳಿ ಮುಳುಗಿಸಿದರು. ಐದು ಎಣಿಸುವುದರೊಳಗೆ ಕೆಂಪಗೆ ಊದಿಕೊಂಡ ಮುಖ ಮೇಲೆ ಬಂತು, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಎಳೆದುಕೊಂಡ ಉಸಿರನ್ನು ಬಿಡದೆ ಹಾಗೇ ಹಿಡಿದಿಟ್ಟುಕೊಂಡಿದ್ದರು. ಮತ್ತೊಮ್ಮೆ ಮಾಡಿದರು, ಮತ್ತೂ ಅಷ್ಟೇ. ಮೂರನೇ ಸಲ ಮುಖ ಎತ್ತುವ ಹೊತ್ತಿಗೆ ವಿದ್ಯಾ ಪ್ಯಾಂಟು ಮಡಚಿಕೊಂಡು ಏಣಿಯ ಮೇಲೆ ಕೂತಿದ್ದಳು, ಕಾಲು ನೀರಿನಲ್ಲಿತ್ತು. ಅವಳ ಮೂಗು ಇನ್ನೂ ಕೆಂಪಗಿತ್ತು. ಅಪ್ಪನ ಗಲ್ಲ ಹಿಡಿದು, ಮೂಗಿನಿಂದ ಗುಳ್ಳೆ ಬಿಡಬೇಕು ಅಪ್ಪಾ, ನೋಡು ಹೀಗೆ ಎಂದು ಬಗ್ಗಿ ತಾನೇ ಮುಖ ಮುಳುಗಿಸಿ ತೋರಿಸಿದಳು.

ಇವರಿಗೆ ಇನ್ನೂ ಉಸಿರು ಬಿಡುವುದು ಬಂದಿರಲಿಲ್ಲ. ಹುಲ್ಲಿನ ಕಡೆ ನೀರು ಇಳಿಯುತ್ತಲೇ ಇತ್ತು, ಆಗಲೇ ಇವರ ಹೊಟ್ಟೆಯ ಮಟ್ಟಕ್ಕೆ ಬಂದಿತ್ತು. ನಾನು ಹೊರಗೆ ಹೋಗಿ ಪೈಪಿನ ತಿರುಪು ಮುಚ್ಚಿದೆ. ಹಂಡೆ ಮುಚ್ಚಿದ್ದು ಮುಂದಿನ ಭಾನುವಾರ.